ಹಳೆಯದು ಅಳಿಯದ ಹಾಗೆ ಹೊಸ ಡೇಟಾ ಸೇರಿಸುವುದು ಹೇಗೆ?

ಆ್ಯಪ್ ಬರೆಯಲು ಕಲಿಯುವವರಿಗೆಲ್ಲ ಒಂದಲ್ಲ ಒಂದು ದಿನ ಎದುರಾಗುವ ಸಮಸ್ಯೆ ಇದು. ಕ್ಲೌಡ್ ಡೇಟಾಬೇಸ್‌ನಲ್ಲಿ ಒಬ್ಬ ಸದಸ್ಯರ ರೆಕಾರ್ಡ್ ಇದೆ. ಅದಕ್ಕೆ ಫೋನ್ ನಂಬರ್ ಸೇರಿಸಬೇಕು. ಕೋಡ್ ಬರೆದು ಓಡಿಸುತ್ತೀರಿ. ಯಾವ ಎರರ್ ಕೂಡ ಬರುವುದಿಲ್ಲ. ಆಮೇಲೆ ತೆರೆದು ನೋಡಿದರೆ ಅಲ್ಲಿ ಫೋನ್ ನಂಬರ್ ಒಂದೇ ಉಳಿದಿದೆ. ಹೆಸರು, ವಿಲಾಸ, ಹಿಂದೆ ಇದ್ದದ್ದೆಲ್ಲ ಹೋಗಿದೆ.

ಡೇಟಾಬೇಸ್‌ಗೆ ಎರಡು ಥರ ಹೇಳಬಹುದು. 'ಈ ರೆಕಾರ್ಡ್ ಇನ್ನು ಮುಂದೆ ಹೀಗಿರಲಿ' ಎನ್ನುವುದು ಒಂದು. 'ಈ ರೆಕಾರ್ಡ್‌ಗೆ ಇಷ್ಟು ಸೇರಿಸು' ಎನ್ನುವುದು ಇನ್ನೊಂದು. ಮೊದಲನೆಯದನ್ನು ಹೇಳಿ ಎರಡನೆಯದು ಆಗಲಿ ಎಂದು ಕಾದರೆ ಡೇಟಾ ಹೋಗುತ್ತದೆ. ಪೂರ್ತಿ ರೆಕಾರ್ಡ್ ಕಳಿಸಬೇಡಿ, ಬದಲಾದದ್ದನ್ನು ಮಾತ್ರ ಕಳಿಸಿ. ಕೆಳಗಿನ ಎಲ್ಲ ಹೆಜ್ಜೆಗಳೂ ಇದೊಂದನ್ನೇ ಬೇರೆ ಬೇರೆ ಜಾಗದಲ್ಲಿ ಮಾಡುವ ದಾರಿಗಳು.

ಉದಾಹರಣೆಗೆ, ಆ್ಯಪ್ ಬರೆಯುವವರಿಗೆ ಬೇಕಾದ ಸೇವೆಗಳನ್ನು ಕೊಡುವ ಫೈರ್‌ಬೇಸ್‌ನ ಕ್ಲೌಡ್ ಡೇಟಾಬೇಸ್ ಫೈರ್‌ಸ್ಟೋರ್ ತೆಗೆದುಕೊಳ್ಳೋಣ. ಫೈರ್‌ಬೇಸ್ ಅನ್ನು ಗೂಗಲ್ 2014ರಲ್ಲಿ ಕೊಂಡಿತು, ಫೈರ್‌ಸ್ಟೋರ್ 2017ರಲ್ಲಿ ಬಂತು. ಹೊಸಬರು ಮೊದಲು ಕೈಹಾಕುವ ಡೇಟಾಬೇಸ್‌ಗಳಲ್ಲಿ ಇದೂ ಒಂದು. ಇದರಲ್ಲಿ ರೆಕಾರ್ಡ್‌ಗೆ ಡಾಕ್ಯುಮೆಂಟ್ ಎನ್ನುತ್ತಾರೆ. ನಮ್ಮ ಡಾಕ್ಯುಮೆಂಟ್ ಒಂದು ಲೈಬ್ರರಿ ಸದಸ್ಯರದ್ದು ಎಂದುಕೊಳ್ಳಿ. ಅದರಲ್ಲಿ 'ಹೆಸರು' ಎಂಬ ಫೀಲ್ಡ್, ಅಂದರೆ ಮಾಹಿತಿಯ ಒಂದು ಖಾನೆ, ಇದೆ. 'ವಿಲಾಸ' ಎಂಬ ಮ್ಯಾಪ್ (ತನ್ನೊಳಗೇ ಬೇರೆ ಫೀಲ್ಡ್‌ಗಳಿರುವ ಫೀಲ್ಡ್) ಇದೆ, ಅದರೊಳಗೆ 'ಬೀದಿ', 'ಊರು', 'ಪಿನ್' ಇವೆ. 'ಪುಸ್ತಕಗಳು' ಎಂಬ ಅರೇ, ಅಂದರೆ ಪಟ್ಟಿ, ಇದೆ. 'ಅಂಕ' ಎಂಬ ಸಂಖ್ಯೆ ಇದೆ. ಓದಲು ಸುಲಭವಾಗಲಿ ಎಂದು ಫೀಲ್ಡ್ ಹೆಸರುಗಳನ್ನು ಇಲ್ಲಿ ಕನ್ನಡದಲ್ಲೇ ಕೊಟ್ಟಿದ್ದೇನೆ.

ಹೆಜ್ಜೆ 1: ಸೆಟ್ ಬಿಡಿ, ಅಪ್‌ಡೇಟ್ ಹಿಡಿಯಿರಿ

ಸೆಟ್ ಎಂಬ ಫಂಕ್ಷನ್ ಹಳೇ ಹಾಳೆ ಹರಿದು ಹಾಕಿ ಹೊಸ ಹಾಳೆ ಅಂಟಿಸಿದ ಹಾಗೆ. ಡಾಕ್ಯುಮೆಂಟ್‌ನಲ್ಲಿ ಏನಿತ್ತು ಎಂದು ಅದು ನೋಡುವುದೇ ಇಲ್ಲ. ನೀವು ಕೊಟ್ಟದ್ದಷ್ಟೇ ಉಳಿಯುತ್ತದೆ. ಮೊದಲ ಸಲ ಡಾಕ್ಯುಮೆಂಟ್ ಮಾಡುವಾಗ ಇದು ಸರಿ. ಇರುವುದಕ್ಕೆ ಸೇರಿಸುವಾಗ ಇದನ್ನು ಬಳಸಬಾರದು.

ಅಪ್‌ಡೇಟ್ ಹಾಗಲ್ಲ. ನೀವು ಹೆಸರಿಸಿದ ಫೀಲ್ಡ್‌ಗಳನ್ನು ಮಾತ್ರ ಮುಟ್ಟುತ್ತದೆ. 'ಫೋನ್' ಎಂಬ ಫೀಲ್ಡ್ ಕೊಟ್ಟರೆ ಅದು ಸೇರಿಕೊಳ್ಳುತ್ತದೆ, ಮಿಕ್ಕದ್ದು ಇದ್ದ ಹಾಗೇ ಇರುತ್ತದೆ. ವೆಬ್‌ನ ಈಗಿನ ಆವೃತ್ತಿಯಲ್ಲಿ ಇವುಗಳ ಹೆಸರು ಸೆಟ್‌ಡಾಕ್, ಅಪ್‌ಡೇಟ್‌ಡಾಕ್ ಎಂದಿದೆ. ಕೆಲಸ ಅದೇ.

ಒಂದು ವಿಷಯ ಗೊತ್ತಿರಲಿ. ಡಾಕ್ಯುಮೆಂಟ್ ಇಲ್ಲದಿದ್ದರೆ ಅಪ್‌ಡೇಟ್ ಎರರ್ ಕೊಡುತ್ತದೆ. ಇದೆಯೋ ಇಲ್ಲವೋ ಗೊತ್ತಿಲ್ಲದ ಕಡೆ ಸೆಟ್ ಅನ್ನೇ ಬಳಸಿ, ಜೊತೆಗೆ ಮರ್ಜ್ ಎಂಬ ಆಯ್ಕೆಯನ್ನು ಟ್ರೂ ಮಾಡಿ. ಡಾಕ್ಯುಮೆಂಟ್ ಇಲ್ಲದಿದ್ದರೆ ಹೊಸದಾಗಿ ಆಗುತ್ತದೆ, ಇದ್ದರೆ ಹಳೆಯದರ ಜೊತೆ ಬೆರೆಯುತ್ತದೆ. ಹಾಗಿದ್ದರೆ ಎಲ್ಲ ಕಡೆ ಮರ್ಜ್ ಹಾಕಿಬಿಟ್ಟರೆ ಆಯಿತಲ್ವಾ ಎಂದು ಕೇಳಬಹುದು. ನನ್ನ ಪ್ರಕಾರ ಬೇಡ. ಸದಸ್ಯರ ಐಡಿಯಲ್ಲಿ ಒಂದು ಅಕ್ಷರ ತಪ್ಪಾದರೂ ಮರ್ಜ್ ಸುಮ್ನೆ ಹೊಸ ಡಾಕ್ಯುಮೆಂಟ್ ಹುಟ್ಟಿಸುತ್ತದೆ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಅಪ್‌ಡೇಟ್ ಆದರೆ ಅಲ್ಲೇ ತಡೆಯುತ್ತದೆ. ಆ ಎರರ್ ನಿಮ್ಮ ಒಳ್ಳೆಯದಕ್ಕೇ ಬರುತ್ತದೆ.

ಹೆಜ್ಜೆ 2: ಮ್ಯಾಪ್‌ನ ಒಳಗೆ ಹೋಗುವಾಗ ಚುಕ್ಕಿ ಇಡಿ

ಅಪ್‌ಡೇಟ್ ಕಲಿತವರೂ ಮುಗ್ಗರಿಸುವ ಜಾಗ ಇದು, ಹಾಗಾಗಿ ನಿಧಾನವಾಗಿ ನೋಡೋಣ.

ಸದಸ್ಯರ ಪಿನ್ ಮಾತ್ರ ಬದಲಾಗಿದೆ. ನೀವು ಅಪ್‌ಡೇಟ್‌ಗೆ 'ವಿಲಾಸ' ಎಂಬ ಫೀಲ್ಡ್ ಕೊಟ್ಟು, ಅದರೊಳಗೆ 'ಪಿನ್' ಒಂದನ್ನೇ ಇಟ್ಟು ಕಳಿಸುತ್ತೀರಿ. ಹೆಸರು, ಅಂಕ ಎಲ್ಲ ಉಳಿಯುತ್ತವೆ. ಆದರೆ ಬೀದಿ, ಊರು ಎರಡೂ ಹೋಗುತ್ತವೆ. ಯಾಕೆಂದರೆ ಅಪ್‌ಡೇಟ್ ಮೇಲಿನ ಮಟ್ಟದ ಫೀಲ್ಡ್‌ಗಳನ್ನಷ್ಟೇ ಬಿಡಿಬಿಡಿಯಾಗಿ ನೋಡುತ್ತದೆ. 'ವಿಲಾಸ' ಎಂದು ನೀವು ಹೆಸರಿಸಿದ ಮೇಲೆ ಇಡೀ ವಿಲಾಸವನ್ನೇ ಬದಲಿಸುತ್ತದೆ.

ಸರಿಯಾದ ದಾರಿ ಎಂದರೆ ಫೀಲ್ಡ್ ಹೆಸರನ್ನೇ 'ವಿಲಾಸ.ಪಿನ್' ಎಂದು ಚುಕ್ಕಿ ಇಟ್ಟು, ಉದ್ಧರಣ ಚಿಹ್ನೆಯೊಳಗೆ ಬರೆಯುವುದು. ಆಗ ಡೇಟಾಬೇಸ್ ವಿಲಾಸದ ಒಳಗೆ ಹೋಗಿ ಪಿನ್ ಒಂದನ್ನೇ ಬದಲಿಸುತ್ತದೆ. ಇನ್ನೂ ಆಳಕ್ಕೆ ಹೋಗಬೇಕಾದರೂ ಹೀಗೇ ಚುಕ್ಕಿ ಇಡುತ್ತಾ ಇಳಿಯಬಹುದು.

ಸೆಟ್ ಮತ್ತು ಮರ್ಜ್ ಜೋಡಿಯಲ್ಲಿ ಇದು ತಿರುಗುಮುರುಗು. ಅಲ್ಲಿ 'ವಿಲಾಸ' ಒಳಗೆ 'ಪಿನ್' ಇಟ್ಟು ಕಳಿಸಿದರೆ ಸರಿಯಾಗಿ ಒಳಗಿನವರೆಗೂ ಬೆರೆಯುತ್ತದೆ, ಬೀದಿ, ಊರು ಉಳಿಯುತ್ತವೆ. ಆದರೆ ಅಲ್ಲಿ ಚುಕ್ಕಿ ಇಟ್ಟರೆ ಕೆಲಸ ಕೆಡುತ್ತದೆ. 'ವಿಲಾಸ.ಪಿನ್' ಎಂಬ ಹೆಸರಿನದೇ ಒಂದು ಹೊಸ ಫೀಲ್ಡ್ ಹುಟ್ಟುತ್ತದೆ, ಹೆಸರಿನಲ್ಲೇ ಚುಕ್ಕಿ ಇರುವಂಥದ್ದು. ಹಳೇ ಪಿನ್ ಒಳಗೆ ಹಾಗೇ ಕೂತಿರುತ್ತದೆ. ಕನ್ಸೋಲ್‌ನಲ್ಲಿ (ಡೇಟಾ ತೆರೆದು ನೋಡುವ ಫೈರ್‌ಬೇಸ್‌ನ ವೆಬ್ ಪುಟ) ಎರಡು ಪಿನ್ ಕಂಡರೆ ಕಾರಣ ಇದೇ ಇರುತ್ತದೆ. ಇನ್ನೊಂದು, ಮರ್ಜ್ ಮಾಡುವಾಗ ವಿಲಾಸಕ್ಕೆ ಖಾಲಿ ಮ್ಯಾಪ್ ಕಳಿಸಿದರೆ ಇಡೀ ವಿಲಾಸ ಖಾಲಿಯಾಗುತ್ತದೆ.

ಹೆಜ್ಜೆ 3: ಪಟ್ಟಿಗೆ ಸೇರಿಸಲು ಅರೇ ಯೂನಿಯನ್

'ಪುಸ್ತಕಗಳು' ಅರೇಗೆ ಇನ್ನೊಂದು ಪುಸ್ತಕ ಸೇರಬೇಕು. ಹೊಸ ಪುಸ್ತಕ ಒಂದನ್ನೇ ಅರೇಯಲ್ಲಿಟ್ಟು ಕಳಿಸಿದರೆ ಹಳೇ ಪಟ್ಟಿ ಹೋಗುತ್ತದೆ. ಅರೇ ವಿಷಯದಲ್ಲಿ ಮರ್ಜ್ ಕೂಡ ಕಾಪಾಡುವುದಿಲ್ಲ. ಹಳೇ ಪಟ್ಟಿಯನ್ನು ಓದಿ, ಹೊಸದನ್ನು ಸೇರಿಸಿ, ಪೂರ್ತಿ ಪಟ್ಟಿಯನ್ನು ವಾಪಸ್ ಕಳಿಸುವುದು ಅನೇಕರು ಹಿಡಿಯುವ ದಾರಿ. ಅದು ಒಬ್ಬರೇ ಬಳಸುವವರೆಗೆ ನಡೆಯುತ್ತದೆ. ಇಬ್ಬರು ಒಟ್ಟಿಗೆ ಬಳಸಿದರೆ ಒಬ್ಬರು ಸೇರಿಸಿದ್ದು ಕಳೆದುಹೋಗುತ್ತದೆ.

ಇದಕ್ಕಾಗಿಯೇ ಅರೇ ಯೂನಿಯನ್ ಇದೆ. ಪಟ್ಟಿ ಓದುವ ಅಗತ್ಯವೇ ಇಲ್ಲ, ಸೇರಿಸಬೇಕಾದದ್ದನ್ನು ಮಾತ್ರ ಕಳಿಸಿ. ಅದು ಆಗಲೇ ಪಟ್ಟಿಯಲ್ಲಿದ್ದರೆ ಮತ್ತೆ ಸೇರುವುದಿಲ್ಲ. ತೆಗೆಯಲು ಅರೇ ರಿಮೂವ್ ಇದೆ. ಒಂದೇ ಪುಸ್ತಕ ಎರಡು ಸಲ ಸೇರಬೇಕೆಂದಿದ್ದರೆ ಇದು ಆಗಿಬರುವುದಿಲ್ಲ. ಪಟ್ಟಿಯ ಮೂರನೇ ಐಟಂ ಒಂದನ್ನೇ ತಿದ್ದುವ ನೇರ ದಾರಿಯೂ ಫೈರ್‌ಸ್ಟೋರ್‌ನಲ್ಲಿ ಇಲ್ಲ. ಸರ್ವರ್ ಸಮಯ ತುಂಬುವ ಸರ್ವರ್ ಟೈಮ್‌ಸ್ಟ್ಯಾಂಪ್ ಕೂಡ ಅರೇ ಒಳಗೆ ನಡೆಯುವುದಿಲ್ಲ.

ಪಟ್ಟಿ ದಿನೇ ದಿನೇ ಬೆಳೆಯುವಂಥದ್ದಾದರೆ ಅರೇಯನ್ನೇ ಬಿಡುವುದು ಮೇಲು. ಒಂದು ಡಾಕ್ಯುಮೆಂಟ್ 1 ಮೆಬಿಬೈಟ್‌ಗಿಂತ, ಅಂದರೆ 10,48,576 ಬೈಟ್‌ಗಿಂತ ದೊಡ್ಡದಾಗುವಂತಿಲ್ಲ. ಸದಸ್ಯರ ಡಾಕ್ಯುಮೆಂಟ್ ಕೆಳಗೆ 'ಪುಸ್ತಕಗಳು' ಎಂಬ ಸಬ್‌ಕಲೆಕ್ಷನ್ (ಒಂದು ಡಾಕ್ಯುಮೆಂಟ್ ಕೆಳಗಿರುವ ಡಾಕ್ಯುಮೆಂಟ್‌ಗಳ ಗುಂಪು) ಮಾಡಿ, ಪ್ರತಿ ಪುಸ್ತಕಕ್ಕೂ ಒಂದೊಂದು ಡಾಕ್ಯುಮೆಂಟ್ ಆ್ಯಡ್ ಮಾಡಿ. ಐಡಿ ತಾನಾಗೇ ಬರುತ್ತದೆ. ಪ್ರತಿ ಸಲವೂ ಹೊಸ ಡಾಕ್ಯುಮೆಂಟ್ ಆಗುವುದರಿಂದ ಹಳೆಯದರ ಮೇಲೆ ಬರೆಯುವ ಪ್ರಶ್ನೆಯೇ ಬರುವುದಿಲ್ಲ. ಓದಿದ ದಿನಾಂಕವನ್ನೂ ಜೊತೆಗೆ ಇಡಬಹುದು.

ಹೆಜ್ಜೆ 4: ಸಂಖ್ಯೆಗೆ ಇನ್‌ಕ್ರಿಮೆಂಟ್, ಲೆಕ್ಕಾಚಾರಕ್ಕೆ ಟ್ರಾನ್ಸಾಕ್ಷನ್

ಸದಸ್ಯರ ಅಂಕ 40 ಇದೆ. ಒಂದು ಫೋನ್‌ನಿಂದ 10 ಅಂಕ ಸೇರಬೇಕು, ಅದೇ ಹೊತ್ತಿಗೆ ಇನ್ನೊಂದು ಕಂಪ್ಯೂಟರ್‌ನಿಂದ 5 ಸೇರಬೇಕು. ಎರಡೂ 40 ಎಂದು ಓದುತ್ತವೆ. ಫೋನ್ 50 ಎಂದು ಬರೆಯುತ್ತದೆ. ಅರೆಕ್ಷಣದ ನಂತರ ಕಂಪ್ಯೂಟರ್ 45 ಎಂದು ಬರೆಯುತ್ತದೆ. ಆಗಬೇಕಾದದ್ದು 55, ಉಳಿದದ್ದು 45. ಇಲ್ಲಿ ಅಪ್‌ಡೇಟ್ ಸರಿಯಾಗಿಯೇ ಬಳಸಿದ್ದಾರೆ. ಆದರೂ 10 ಅಂಕ ಮಾಯ.

ಇನ್‌ಕ್ರಿಮೆಂಟ್ ಬಳಸಿದರೆ ಈ ತೊಂದರೆ ಇಲ್ಲ. '10 ಕೂಡಿಸು', '5 ಕೂಡಿಸು' ಎಂದಷ್ಟೇ ಕಳಿಸುತ್ತೀರಿ, ಕೂಡುವ ಕೆಲಸ ಸರ್ವರ್‌ನಲ್ಲಿ ಆಗುತ್ತದೆ. ಯಾವುದು ಮೊದಲು ತಲುಪಿದರೂ ಕೊನೆಗೆ 55. ಕಡಿಮೆ ಮಾಡಲು ಮೈನಸ್ ಸಂಖ್ಯೆ ಕೊಡಿ.

'ಅಂಕ 50 ದಾಟಿದ್ದರೆ ಮಾತ್ರ ದರ್ಜೆ ಬದಲಿಸು' ಎನ್ನುವಂಥ ಕಡೆ ಇನ್‌ಕ್ರಿಮೆಂಟ್ ಸಾಲದು, ಟ್ರಾನ್ಸಾಕ್ಷನ್ ಬೇಕು, ಅಂದರೆ ಓದುವುದು, ಬರೆಯುವುದು ಎರಡೂ ಒಂದೇ ಕೆಲಸವಾಗಿ ನಡೆಯುವ ವ್ಯವಸ್ಥೆ. ಅದರಲ್ಲಿ ಮೊದಲು ಓದಬೇಕು, ಆಮೇಲೆ ಬರೆಯಬೇಕು. ನಡುವೆ ಬೇರೆಯವರು ಆ ಡಾಕ್ಯುಮೆಂಟ್ ಬದಲಿಸಿದರೆ ಫೈರ್‌ಸ್ಟೋರ್ ಇಡೀ ಟ್ರಾನ್ಸಾಕ್ಷನ್ ಅನ್ನು ಮತ್ತೆ ಮೊದಲಿನಿಂದ ಓಡಿಸುತ್ತದೆ. ಹಾಗಾಗಿ ಅದರೊಳಗೆ ಇಮೇಲ್ ಕಳಿಸುವಂಥ ಕೆಲಸ ಇಡಬೇಡಿ, ಎರಡೆರಡು ಸಲ ಹೋಗಬಹುದು. ಇಂಟರ್‌ನೆಟ್ ಇಲ್ಲದಾಗ ಟ್ರಾನ್ಸಾಕ್ಷನ್ ನಡೆಯುವುದಿಲ್ಲ ಎನ್ನುವುದೂ ನೆನಪಿರಲಿ.

ಹೆಜ್ಜೆ 5: ಫಾರ್ಮ್ ಏನನ್ನು ಕಳಿಸುತ್ತಿದೆ ನೋಡಿ

ಮೇಲಿನದೆಲ್ಲ ಸರಿ ಇದ್ದೂ ಡೇಟಾ ಹೋಗುತ್ತಿದ್ದರೆ ಫಾರ್ಮ್ ಮೇಲೆ ಅನುಮಾನ ಪಡಿ. ಪರದೆಯಲ್ಲಿ ಹತ್ತು ಬಾಕ್ಸ್‌ಗಳಿವೆ, ಬಳಕೆದಾರರು ಒಂದನ್ನು ತುಂಬಿ ಸೇವ್ ಒತ್ತುತ್ತಾರೆ. ಕೋಡ್ ಹತ್ತನ್ನೂ ಬಾಚಿ ಅಪ್‌ಡೇಟ್‌ಗೆ ಕೊಡುತ್ತದೆ. ಖಾಲಿ ಬಾಕ್ಸ್ ಎಂದರೆ ನಿಮಗೆ 'ಏನೂ ಬದಲಾಗಿಲ್ಲ' ಎಂದರ್ಥ. ಡೇಟಾಬೇಸ್‌ಗೆ ಅದು ಖಾಲಿ ಪಠ್ಯ, ಹಳೇ ಫೋನ್ ನಂಬರ್ ಜಾಗದಲ್ಲಿ ಅದನ್ನೇ ಕೂರಿಸುತ್ತದೆ. ಆಂಡ್ರಾಯ್ಡ್‌ನಲ್ಲಿ ಇಡೀ ಕ್ಲಾಸ್ ಆಬ್ಜೆಕ್ಟನ್ನೇ ಮರ್ಜ್‌ಗೆ ಕೊಟ್ಟರೂ ಇದೇ ಕಥೆ, ತುಂಬದ ಫೀಲ್ಡ್‌ಗಳು ನಲ್ (ಏನೂ ಇಲ್ಲ ಎಂಬ ಗುರುತು) ಆಗಿ ಹೋಗುತ್ತವೆ.

ಫಾರ್ಮ್ ತೆರೆದಾಗ ಏನಿತ್ತೋ ಅದನ್ನು ಒಂದು ಕಡೆ ಇಟ್ಟುಕೊಳ್ಳಿ. ಸೇವ್ ಮಾಡುವಾಗ ಎರಡನ್ನೂ ಹೋಲಿಸಿ, ನಿಜವಾಗಿ ಬದಲಾದ ಫೀಲ್ಡ್‌ಗಳನ್ನು ಮಾತ್ರ ಕಳಿಸಿ. ಬಳಕೆದಾರರು ಬೇಕೆಂದೇ ಒಂದನ್ನು ಅಳಿಸಿದ್ದರೆ ಆ ಫೀಲ್ಡ್‌ಗೆ ಡಿಲೀಟ್‌ಫೀಲ್ಡ್ ಬಳಸಿ. ಸ್ವಲ್ಪ ಕೆಲಸ ಜಾಸ್ತಿ, ಆದರೆ ನನ್ನನ್ನು ಕೇಳಿದರೆ ಇದು ಬಿಡಲೇಬಾರದ ಹೆಜ್ಜೆ.

ಬೇರೆ ಡೇಟಾಬೇಸ್‌ಗಳಲ್ಲಿ

ಫೈರ್‌ಬೇಸ್‌ನ ಹಳೆಯ ರಿಯಲ್‌ಟೈಮ್ ಡೇಟಾಬೇಸ್‌ನಲ್ಲೂ ಸೆಟ್, ಅಪ್‌ಡೇಟ್ ಎರಡೂ ಇವೆ, ಗುಣವೂ ಅದೇ. ಒಳಗೆ ಇಳಿಯಲು ಅಲ್ಲಿ ಚುಕ್ಕಿಯ ಬದಲು ಓರೆಗೆರೆ ಹಾಕಬೇಕು, 'ವಿಲಾಸ/ಪಿನ್' ಎಂದು. ಪಟ್ಟಿಗೆ ಸೇರಿಸಲು ಪುಶ್ ಇದೆ. ಅದು ಪ್ರತಿ ಸಲ ಹೊಸ ಕೀ ಕೊಡುತ್ತದೆ, ಕೀ ಸಮಯದ ಮೇಲೆ ಆಗುವುದರಿಂದ ಸೇರಿಸಿದ ಕ್ರಮವೂ ಉಳಿಯುತ್ತದೆ. ಮೊಂಗೋಡಿಬಿಯಲ್ಲಿ ರಿಪ್ಲೇಸ್‌ವನ್ ಇಡೀ ಡಾಕ್ಯುಮೆಂಟ್ ಬದಲಿಸುತ್ತದೆ. ಅಪ್‌ಡೇಟ್‌ವನ್ ಜೊತೆ ಡಾಲರ್ ಚಿಹ್ನೆಯ ಸೆಟ್, ಪುಶ್, ಆ್ಯಡ್‌ಟುಸೆಟ್, ಇಂಕ್ (ಇನ್‌ಕ್ರಿಮೆಂಟ್) ಬಳಸಿದರೆ ಬೇಕಾದ್ದಷ್ಟೇ ಬದಲಾಗುತ್ತದೆ. ಅಲ್ಲಿನ ಸೆಟ್ ಹೆಸರು ನೋಡಿ ಹೆದರಬೇಡಿ, ಅದು ಹೆಸರಿಸಿದ ಫೀಲ್ಡ್ ಮಾತ್ರ ಮುಟ್ಟುತ್ತದೆ. ಅಮೆಜಾನ್‌ನ ಡೈನಮೋಡಿಬಿಯಲ್ಲಿ ಪುಟ್‌ಐಟಂ ಪೂರ್ತಿ ಬದಲಿಸುತ್ತದೆ, ಅಪ್‌ಡೇಟ್‌ಐಟಂ ಸೇರಿಸುತ್ತದೆ.

ಹೆಜ್ಜೆ 6: ಕಾವಲು ಇಡಿ, ಆಮೇಲೆ ಪರೀಕ್ಷಿಸಿ

ಕೋಡ್‌ನಲ್ಲಿ ಮುಂದೆ ಯಾರಾದರೂ ಬರೀ ಸೆಟ್ ಬಳಸಿಬಿಟ್ಟರೆ? ಯಾರು ಏನು ಓದಬಹುದು, ಬರೆಯಬಹುದು ಎಂದು ಹೇಳುವ ಫೈರ್‌ಸ್ಟೋರ್‌ನ ಸೆಕ್ಯುರಿಟಿ ರೂಲ್ಸ್‌ನಲ್ಲಿ ಇದಕ್ಕೆ ತಡೆ ಹಾಕಬಹುದು. ಬರೆದ ಮೇಲೆ ಡಾಕ್ಯುಮೆಂಟ್ ಹೇಗಿರುತ್ತದೆ ಎನ್ನುವುದು ರೂಲ್ಸ್‌ಗೆ ಮೊದಲೇ ಕಾಣುತ್ತದೆ. 'ಹೆಸರು', 'ವಿಲಾಸ' ಎರಡೂ ಇರಲೇಬೇಕು ಎಂದು ಹ್ಯಾಸ್‌ಆಲ್ ಎಂಬ ಫಂಕ್ಷನ್ ಬಳಸಿ ಬರೆದರೆ, ಅವನ್ನು ಅಳಿಸುವ ಯಾವ ಬರಹವನ್ನೂ ಅದು ಒಪ್ಪುವುದಿಲ್ಲ. ಆದರೆ ಸರ್ವರ್‌ನಿಂದ ಅಡ್ಮಿನ್ ಎಸ್‌ಡಿಕೆ (ಸರ್ವರ್ ಕೋಡ್‌ಗೆಂದೇ ಇರುವ ಫೈರ್‌ಬೇಸ್ ಸಲಕರಣೆ) ಮೂಲಕ ಬರೆಯುವಾಗ ರೂಲ್ಸ್ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ನೀವೇ ಜಾಗ್ರತೆ ವಹಿಸಬೇಕು. ಪಾಯಿಂಟ್ ಇನ್ ಟೈಮ್ ರಿಕವರಿ ಆನ್ ಮಾಡಿಟ್ಟರೆ 7 ದಿನದ ಹಿಂದಿನವರೆಗಿನ ಡೇಟಾವನ್ನು ವಾಪಸ್ ಪಡೆಯಬಹುದು.

ಪರೀಕ್ಷೆಯನ್ನು ನಿಜವಾದ ಡೇಟಾ ಮೇಲೆ ಮಾಡಬೇಡಿ. ಫೈರ್‌ಬೇಸ್‌ನ ನಕಲಿನಂತೆ ಕೆಲಸ ಮಾಡುವ ಫೈರ್‌ಬೇಸ್ ಎಮ್ಯುಲೇಟರ್ ನಿಮ್ಮ ಕಂಪ್ಯೂಟರ್‌ನಲ್ಲೇ ಓಡುತ್ತದೆ. ಎಲ್ಲ ಫೀಲ್ಡ್ ತುಂಬಿದ ಒಂದು ಡಾಕ್ಯುಮೆಂಟ್ ಹಾಕಿ. ಆ್ಯಪನ್ನು ಎರಡು ಕಿಟಕಿಯಲ್ಲಿ ತೆರೆಯಿರಿ. ಒಂದರಲ್ಲಿ ಪಿನ್ ಬದಲಿಸಿ, ಇನ್ನೊಂದರಲ್ಲಿ ಪುಸ್ತಕ ಸೇರಿಸಿ, ಎರಡರಲ್ಲೂ ಬೆನ್ನುಬೆನ್ನಿಗೆ ಸೇವ್ ಒತ್ತಿ. ನಂತರ ಎಮ್ಯುಲೇಟರ್ ಪರದೆಯಲ್ಲಿ ಡಾಕ್ಯುಮೆಂಟ್ ತೆರೆದು ಬೀದಿ, ಊರು, ಹಳೇ ಪುಸ್ತಕಗಳು ಇವೆಯೇ ಎಂದು ಒಂದೊಂದಾಗಿ ನೋಡಿ. ಒಂದು ಫೀಲ್ಡ್ ಕಾಣದಿದ್ದರೆ ಅದು ಯಾವ ಮಟ್ಟದಲ್ಲಿದೆ ಎಂದು ಗಮನಿಸಿ. ಮೇಲಿನ ಮಟ್ಟದ್ದಾದರೆ ಎಲ್ಲೋ ಬರೀ ಸೆಟ್ ಉಳಿದಿದೆ. ಮ್ಯಾಪ್ ಒಳಗಿನದಾದರೆ ಚುಕ್ಕಿ ಬಿಟ್ಟಿದ್ದೀರಿ. ಫೀಲ್ಡ್ ಇದ್ದು ಒಳಗೆ ಖಾಲಿ ಇದ್ದರೆ ಫಾರ್ಮ್ ಕೋಡ್ ತೆರೆಯಿರಿ.