ಗರ್ಲ್ಸ್ ಹೈಸ್ಕೂಲೋ, ಕೋ-ಎಡ್ಡೋ? ಮಗಳಿಗೆ ಶಾಲೆ ಆರಿಸುವುದು ಹೇಗೆ

ಮುಂಬಯಿಯಲ್ಲಿ ಈ ಪ್ರಶ್ನೆ ಏಳುವುದು ಮಗಳು 4ನೇ ತರಗತಿ ಮುಗಿಸಿ 5ಕ್ಕೆ ಕಾಲಿಡುವಾಗ, ಇಲ್ಲವೇ ಪಾಲಿಕೆಯ ಕನ್ನಡ ಶಾಲೆಯಲ್ಲಿ 7 ಮುಗಿಸಿ 8ಕ್ಕೆ ಹೈಸ್ಕೂಲ್ ಹುಡುಕುವಾಗ. ಅಜ್ಜಿ ‘ಹೆಣ್ಣುಮಕ್ಕಳ ಶಾಲೆಯೇ ವಾಸಿ’ ಎನ್ನುತ್ತಾರೆ. ಅಪ್ಪ ‘ನಾಳೆ ಆಫೀಸಿನಲ್ಲಿ ಗಂಡಸರೂ ಇರುತ್ತಾರಲ್ಲ’ ಎನ್ನುತ್ತಾರೆ. ಇಬ್ಬರೂ ಇನ್ನೂ ಶಾಲೆಯ ಗೇಟು ದಾಟಿಲ್ಲ.

ಮೊದಲು ಅಂಕಗಳ ಮಾತನ್ನು ಬದಿಗಿಡಿ. 21 ದೇಶಗಳ 184 ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ, ಮಕ್ಕಳ ಹಿನ್ನೆಲೆಯನ್ನೂ ಲೆಕ್ಕಕ್ಕೆ ಹಿಡಿದಾಗ, ಎರಡು ಬಗೆಯ ಶಾಲೆಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯಲಿಲ್ಲ. ಹೆಸರುವಾಸಿ ಗರ್ಲ್ಸ್ ಹೈಸ್ಕೂಲಿನ ಹತ್ತನೇ ರಿಸಲ್ಟ್ ಚೆನ್ನಾಗಿದ್ದರೆ, ಅಲ್ಲಿಗೆ ಸೇರುವ ಮಕ್ಕಳು ಎಂಥವರು ಎಂಬುದೂ ಅದಕ್ಕೆ ಕಾರಣ.

ಮುಂದೆ ದಾರಿ ನೋಡಿ. ಭಾನುವಾರ ಬೇಡ, ಶಾಲೆಯ ದಿನ, ಶಾಲೆಯ ಹೊತ್ತಿಗೇ ಮಗಳ ಜೊತೆ ಹೋಗಿ. ಇಲ್ಲಿ ಅನೇಕ ಕಟ್ಟಡಗಳಲ್ಲಿ ಎರಡು ಪಾಳಿ: ಒಂದು ಬೆಳಿಗ್ಗೆ ಏಳರ ಸುಮಾರಿಗೆ ಶುರು, ಇನ್ನೊಂದು ಸಂಜೆ ಆರರ ಸುಮಾರಿಗೆ ಬಿಡುಗಡೆ. ಮಧ್ಯಾಹ್ನದ ಪಾಳಿಯಾದರೆ ಮಗಳು ದಾದರ್‌ನಲ್ಲಿ ಲೋಕಲ್ ಹತ್ತುವುದು ಆಫೀಸು ಬಿಡುವ ನೂಕುನುಗ್ಗಲಿನಲ್ಲೇ. ಗರ್ಲ್ಸ್ ಹೈಸ್ಕೂಲುಗಳ ಸಂಖ್ಯೆ ಕಡಿಮೆ. ಹಾಗಾಗಿ ಅವು ದೂರವಿರುವ ಸಂಭವವೇ ಹೆಚ್ಚು. ಮನೆಬಾಗಿಲಿನಿಂದ ತರಗತಿಗೆ 45 ನಿಮಿಷ ದಾಟಿದರೆ ಎರಡು ಸಲ ಯೋಚಿಸಿ. 9ನೇ ತರಗತಿಯಿಂದ ಕೋಚಿಂಗ್ ಕ್ಲಾಸು, ಟ್ಯೂಷನ್ ಸೇರಿಕೊಂಡಾಗ ಆ ಹೊತ್ತು ಕಡಿತವಾಗುವುದು ನಿದ್ದೆಯಿಂದ. ದೂರದ ಪ್ರಸಿದ್ಧ ಗರ್ಲ್ಸ್ ಸ್ಕೂಲಿಗಿಂತ ಹತ್ತಿರದ ಸಾಧಾರಣ ಕೋ-ಎಡ್ ಮೇಲು ಎಂದೇ ನಮ್ಮ ಅಭಿಪ್ರಾಯ.

ಶಾಲೆ ನೋಡಲು ಹೋಗುವವರು ಪಿರಿಯಡ್‌ಗಳ ನಡುವಿನ ಚಿಕ್ಕ ಬಿಡುವು ಮುಗಿದ ಮೇಲೆ ಹೋಗಿ, ಹುಡುಗಿಯರ ಶೌಚಾಲಯ ತೋರಿಸಿ ಎಂದು ಕೇಳಿ. ಸಂಕೋಚ ಬೇಡ. ಚಿಲಕ ಬೀಳುತ್ತದೆಯೇ, ನಲ್ಲಿಯಲ್ಲಿ ನೀರಿದೆಯೇ, ಮುಚ್ಚಳವಿರುವ ಕಸದ ಡಬ್ಬಿ ಇದೆಯೇ, ಬೀಗದ ಕೈ ಯಾರ ಹತ್ತಿರ? ಇವು ಸರಿಯಿಲ್ಲದ ಕಡೆ ಹುಡುಗಿಯರು ದಿನವಿಡೀ ನೀರೇ ಕುಡಿಯುವುದಿಲ್ಲ. ಮೂತ್ರದ ಸೋಂಕು ಶುರುವಾಗುವುದು ಹೀಗೆ. ಮುಟ್ಟಿನ ದಿನಗಳಲ್ಲಿ ಶಾಲೆಯೇ ತಪ್ಪುತ್ತದೆ. ಗರ್ಲ್ಸ್ ಸ್ಕೂಲಿನಲ್ಲಿ ಇದೆಲ್ಲ ತಾನಾಗಿಯೇ ಸರಿ ಇರುತ್ತದೆ ಎಂದುಕೊಳ್ಳಬೇಡಿ. ಇಡೀ ಶಾಲೆಯ ಹುಡುಗಿಯರಿಗೆ ನಾಲ್ಕೇ ಬಾಗಿಲಿದ್ದರೆ ಬಿಡುವೆಲ್ಲ ಸಾಲಿನಲ್ಲೇ ಕಳೆಯುತ್ತದೆ.

ಎರಡು ಬಗೆಯ ಶಾಲೆಗಳ ನಿಜವಾದ ವ್ಯತ್ಯಾಸ ಕಾಣುವುದು ಲ್ಯಾಬಿನಲ್ಲಿ. ಕೋ-ಎಡ್‌ನಲ್ಲಿ ಒಂದು ಮೇಜಿಗೆ ನಾಲ್ವರನ್ನು ನಿಲ್ಲಿಸಿದರೆ, ಟೆಸ್ಟ್ ಟ್ಯೂಬ್ ಹುಡುಗನ ಕೈಗೆ, ‘ನಿನ್ನ ಅಕ್ಷರ ಚೆಂದ’ ಎಂದು ರೀಡಿಂಗ್ ಬರೆಯುವ ಕೆಲಸ ಹುಡುಗಿಗೆ. ಇದು ಯಾರೂ ಹೇಳದೆಯೇ ನಡೆದುಬಿಡುತ್ತದೆ. ಉಪಕರಣ ಹಿಡಿಯುವವರನ್ನು ಸರದಿಯಂತೆ ಬದಲಿಸುತ್ತೀರಾ ಎಂದು ವಿಜ್ಞಾನದ ಟೀಚರನ್ನು ಕೇಳಿ. ಗರ್ಲ್ಸ್ ಸ್ಕೂಲಿನಲ್ಲಿ ಬರ್ನರ್ ಹಚ್ಚುವವಳು ಹುಡುಗಿಯೇ; ಆದರೆ ಲ್ಯಾಬಿನ ಬಾಗಿಲು ತೆರೆದರೆ ತಾನೇ? 9ನೆಯವರ ಜರ್ನಲ್ (ಪ್ರಯೋಗ ಬರೆದಿಡುವ ಪುಸ್ತಕ) ಒಂದನ್ನು ಬಿಡಿಸಿ, ಪ್ರಯೋಗಗಳ ತಾರೀಖು ನೋಡಿ. ಹತ್ತೂ ಪ್ರಯೋಗ ಫೆಬ್ರವರಿಯ ಒಂದೇ ವಾರದಲ್ಲಿದ್ದರೆ, ಅವು ನಡೆದದ್ದು ಕರಿಹಲಗೆಯ ಮೇಲೆ.

ಮೈದಾನಕ್ಕೂ ಇದೇ ಮಾತು. ಪಿ.ಟಿ. ಪಿರಿಯಡ್‌ನಲ್ಲಿ ಹುಡುಗರ ಫುಟ್‌ಬಾಲ್ ನಡುವೆ, ಹುಡುಗಿಯರ ಥ್ರೋಬಾಲ್ ಗೋಡೆಯ ಪಕ್ಕ ಇದ್ದರೆ ಅರ್ಥ ಮಾಡಿಕೊಳ್ಳಿ. ಎನ್‌ಸಿಸಿ ಇದೆ ಎಂದರೆ, ಹುಡುಗಿಯರ ಜೂನಿಯರ್ ವಿಂಗ್ ಇದೆಯೇ ಎಂದು ಕೇಳಿ. ಹುಡುಗರ ಜೂನಿಯರ್ ಡಿವಿಷನ್ ಬೇರೆ.

ಸುರಕ್ಷತೆಯ ವಿಷಯದಲ್ಲಿ ‘ಹುಡುಗರಿಲ್ಲ, ಹೆದರಿಕೆಯಿಲ್ಲ’ ಎನ್ನುವುದು ಪೊಳ್ಳು ಧೈರ್ಯ. ಬಸ್ಸು, ಕಾವಲು, ಸಫಾಯಿ ಎರಡೂ ಕಡೆ ಇವೆ. ಮಹಾರಾಷ್ಟ್ರದ ಶಾಲೆಗಳಲ್ಲಿ ಮಕ್ಕಳ ಸುರಕ್ಷತೆ ನೋಡಿಕೊಳ್ಳುವ ಸಖಿ ಸಾವಿತ್ರಿ ಸಮಿತಿ ಇರಬೇಕೆಂದು 2022ರಲ್ಲೇ ಸರಕಾರಿ ಆದೇಶ ಬಂದಿದೆ. ಸಮಿತಿಯ ಸದಸ್ಯರು ಯಾರು, ಕೊನೆಯ ಸಭೆ ಯಾವಾಗ ನಡೆಯಿತು ಎಂದು ಕೇಳಿ. ‘ಎಲ್ಲ ಇದೆ, ಚಿಂತೆ ಬೇಡ’ ಎಂಬುದು ಉತ್ತರವಲ್ಲ.

ಹತ್ತರ ನಂತರ ಜೂನಿಯರ್ ಕಾಲೇಜು; ಅವುಗಳಲ್ಲಿ ಹೆಚ್ಚಿನವು ಕೋ-ಎಡ್. ಗರ್ಲ್ಸ್ ಸ್ಕೂಲ್ ಆರಿಸಿದವರು ವಾರಕ್ಕೊಮ್ಮೆಯಾದರೂ ಹುಡುಗರ ಜೊತೆ ಸಹಜವಾಗಿ ಬೆರೆಯುವ ಜಾಗಕ್ಕೆ ಮಗಳನ್ನು ಕಳಿಸಿ: ಕನ್ನಡ ಸಂಘದ ನಾಟಕದ ತಾಲೀಮು, ಯಕ್ಷಗಾನ ತರಗತಿ, ಏನಾದರೂ. ಕೋ-ಎಡ್ ಆರಿಸುವವರು ತರಗತಿಯಲ್ಲಿ ಹುಡುಗಿಯರ ತಲೆ ಎಣಿಸಿ. ನಲವತ್ತರಲ್ಲಿ ಏಳೆಂಟೇ ಇದ್ದರೆ ಅವರೆಲ್ಲ ಒಂದೇ ಬೆಂಚಿನ ಸುತ್ತ ಕುಗ್ಗಿ ಕೂರುತ್ತಾರೆ.

ಮಗಳನ್ನು ಕೇಳುವುದು ಶಾಲೆಗಳನ್ನು ನೋಡಿ ಬಂದ ಮೇಲೆ. ಈಗಿನ ಶಾಲೆಯಲ್ಲಿ ಯಾರೋ ಕಾಡುತ್ತಾರೆಂದು ಗರ್ಲ್ಸ್ ಸ್ಕೂಲ್ ಬಯಸುತ್ತಿದ್ದರೆ, ಕಾಡುವವರು ಯಾರೆಂದು ಮೊದಲು ತಿಳಿದುಕೊಳ್ಳಿ. ಮಾತು ಬಿಟ್ಟು ಒಬ್ಬಳನ್ನು ದೂರವಿಡುವ ಗುಂಪು ಹುಡುಗಿಯರದ್ದೂ ಆಗಿರಬಹುದು.

ಇನ್ನು ಕಾಗದಪತ್ರ. ಊರಿನಲ್ಲಿ ಅಜ್ಜಿಮನೆಯಲ್ಲಿದ್ದು ಓದಿದ ಮಗಳಾದರೆ ಟಿ.ಸಿ.ಗೆ (ವರ್ಗಾವಣೆ ಪತ್ರಕ್ಕೆ) ಅಲ್ಲಿನ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಹಾಕಿಸಿಕೊಂಡೇ ರೈಲು ಹತ್ತಿ; ಇಲ್ಲದಿದ್ದರೆ ಜೂನ್‌ನಲ್ಲಿ ಮತ್ತೊಮ್ಮೆ ಓಡಬೇಕಾದೀತು. ಊರಿನ ದಾಖಲೆಯಲ್ಲಿ ಹೆಸರಿನ ಹಿಂದೆ ಮುಂದೆ ಬರೀ ಇನಿಶಿಯಲ್ ಇರುತ್ತದೆ, ಇಲ್ಲಿ ಅಡ್ಡಹೆಸರು, ಹೆಸರು, ತಂದೆಯ ಹೆಸರು ಬಿಡಿಸಿ ಬರೆಯುತ್ತಾರೆ. ಆಧಾರ್, ಜನನ ಪ್ರಮಾಣಪತ್ರ, ಟಿ.ಸಿ. ಮೂರರಲ್ಲೂ ಕಾಗುಣಿತ ಒಂದೇ ಇದೆಯೇ ಎಂದು ನೋಡಿ, ಗುಮಾಸ್ತರು ಶಾಲೆಯ ದಾಖಲಾತಿ ಪುಸ್ತಕವಾದ ಜನರಲ್ ರಿಜಿಸ್ಟರಿನಲ್ಲಿ ಬರೆಯುವಾಗ ಪಕ್ಕದಲ್ಲೇ ನಿಂತು ಓದಿ. ಅದರಲ್ಲಿ ತಪ್ಪಿದ ಅಕ್ಷರವೇ ಮುಂದೆ ಹತ್ತನೆಯ ಎಸ್‌ಎಸ್‌ಸಿ ಮಾರ್ಕ್ಸ್‌ಕಾರ್ಡಿಗೂ ಇಳಿಯುತ್ತದೆ.