ಊಟಿಗೆ ಹತ್ತುವ ಮುನ್ನ ಇಳಿಯುವ ಲೆಕ್ಕ ಹಾಕಿ

ಕಳೆದ ಮೇ ತಿಂಗಳಲ್ಲಿ ಊಟಿಯಿಂದ ಗೂಡಲೂರಿಗೆ ಇಳಿಯುವ ದಾರಿಯಲ್ಲಿ, ನಡುವಟ್ಟಂ ಕೆಳಗಿನ ತಿರುವೊಂದರಲ್ಲಿ ಕಾರೊಂದು ನಿಂತಿತ್ತು. ಮುಂದಿನ ಚಕ್ರದಿಂದ ಹೊಗೆ ಏಳುತ್ತಿತ್ತು. ಯಜಮಾನರು ಅದರ ಮೇಲೆ ಕುಡಿಯುವ ನೀರು ಸುರಿಯುತ್ತಿದ್ದರು. ಅಜ್ಜಿ ಮೋರಿಕಟ್ಟೆಯ ಮೇಲೆ ಕುಳಿತು, ವಾಂತಿ ಮಾಡಿಕೊಂಡ ಮೊಮ್ಮಗನ ಬಾಯಿ ಒರೆಸುತ್ತಿದ್ದರು. ಹೊತ್ತು ಸಂಜೆ ಆರೂವರೆ. ಪ್ರತಿ ಬೇಸಿಗೆಯಲ್ಲೂ ಇಂಥದ್ದೊಂದು ನೋಟ ಕಣ್ಣಿಗೆ ಬೀಳುತ್ತದೆ. ಹಾಗಾಗಿ ಊಟಿ ಪ್ರವಾಸದ ಪಟ್ಟಿಯನ್ನು ಕೊನೆಯ ದಿನದಿಂದ ಹಿಂದಕ್ಕೆ ಬರೆಯಿರಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ.

1. ಗೇಟಿನ ಗಡಿಯಾರ
ಮೈಸೂರಿನತ್ತ ಮರಳುವಾಗ ಸಿಗುವ ಬಂಡೀಪುರ ಕಾಡಿನ ರಸ್ತೆಯ ಗೇಟು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಊಟಿಯಿಂದ ಗೂಡಲೂರಿಗೆ ಸುಮಾರು 50 ಕಿಲೋಮೀಟರ್. ಸೀಸನ್‌ನಲ್ಲಿ ಅಷ್ಟಕ್ಕೇ ಎರಡು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಗೂಡಲೂರು ಪೇಟೆಯ ದಟ್ಟಣೆ ಬೇರೆ. ಊಟಿಯನ್ನು ಮಧ್ಯಾಹ್ನ ಹನ್ನೆರಡಕ್ಕೆ ಬಿಡಿ. ಖರೀದಿಯೆಲ್ಲ ಹಿಂದಿನ ಸಂಜೆಯೇ ಮುಗಿದಿರಲಿ. ಬಿಡಿ ಚಾಕೊಲೇಟು ಕೊಳ್ಳಲೇಬೇಡಿ, ಗುಂಡ್ಲುಪೇಟೆಯ ಬಿಸಿಲಿಗೆ ಅದು ಪಾಯಸವಾಗುತ್ತದೆ. ರಸ್ತೆಬದಿಯ ಅಗ್ಗದ ನೀಲಗಿರಿ ಎಣ್ಣೆಯನ್ನೂ ನಾನು ನಂಬುವುದಿಲ್ಲ. ಊಟಿ ವರ್ಕಿ ಎಂಬ ಗರಿಗರಿ ಬಿಸ್ಕತ್ತು ತನ್ನಿ, ಬೇಗ ಕೆಡುವುದಿಲ್ಲ.

2. ಪಾಸು
ಹೊರಗಿನಿಂದ ನೀಲಗಿರಿ ಜಿಲ್ಲೆಗೆ ಬರುವ ವಾಹನಗಳಿಗೆ ಇ-ಪಾಸು, ಅಂದರೆ ಆನ್‌ಲೈನ್ ಅನುಮತಿ ಬೇಕು. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಈ ಪದ್ಧತಿ ಬಂತು. 2025ರ ಬೇಸಿಗೆಯಲ್ಲಿ ನೀಲಗಿರಿಗೆ ದಿನಕ್ಕೆ 6,000, ವಾರಾಂತ್ಯದಲ್ಲಿ 8,000 ವಾಹನಗಳ ಮಿತಿ ಹಾಕಿದ್ದರು. ರೂಮು ಕಾದಿರಿಸುವ ಮುನ್ನವೇ ಆ ವರ್ಷದ ನಿಯಮ ನೋಡಿಕೊಳ್ಳಿ. ಪಾಸು ಉಚಿತ, ಮಾಡಿಸಿಕೊಡುತ್ತೇವೆಂದು ದುಡ್ಡು ಕೇಳುವವರತ್ತ ತಿರುಗಿಯೂ ನೋಡಬೇಡಿ. ಸರ್ಕಾರಿ ಬಸ್ಸಿನಲ್ಲಿ ಹೋಗುವವರಿಗೆ ಈ ರಗಳೆಯೇ ಇಲ್ಲ.

3. ಹತ್ತುವುದು
ಬೆಳಿಗ್ಗೆ ಬೇಗ ಹೊರಟು ಗೂಡಲೂರು ದಾರಿಯಲ್ಲೇ ಹತ್ತಿ. ಮಸಿನಗುಡಿ–ಕಲ್ಹಟ್ಟಿ ದಾರಿ ಹತ್ತಿರ ನಿಜ, ಆದರೆ 36 ಕಡಿದಾದ ತಿರುವುಗಳು; ಆರು ಜನ ತುಂಬಿದ ಕಾರಿಗೆ ಅದು ಬೇಡ. ಮಕ್ಕಳಿಗೆ ಗುಂಡ್ಲುಪೇಟೆಯಲ್ಲಿ ಎಣ್ಣೆಯ ತಿಂಡಿ ಬೇಡ, ಎರಡು ಇಡ್ಲಿ ಸಾಕು. ಪ್ಲಾಸ್ಟಿಕ್ ನೀರಿನ ಬಾಟಲಿ ಚೆಕ್‌ಪೋಸ್ಟಿನಲ್ಲೇ ಉಳಿಯುತ್ತದೆ, ಸ್ಟೀಲ್ ತನ್ನಿ.

4. ನೋಡುವುದು
ಒಂದು ದಿನಕ್ಕೆ ಎರಡೇ ಜಾಗ. 1848ರಲ್ಲಿ ರೂಪುಗೊಂಡ ಸಸ್ಯೋದ್ಯಾನಕ್ಕೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಫಲಪುಷ್ಪ ಪ್ರದರ್ಶನದ ವಾರಾಂತ್ಯ ತಪ್ಪಿಸಿ. ನನ್ನನ್ನು ಕೇಳಿದರೆ ಫರ್ನ್‌ಹಿಲ್‌ನಲ್ಲಿ ನಮ್ಮ ರಾಜ್ಯದ ತೋಟಗಾರಿಕೆ ಇಲಾಖೆ ಬೆಳೆಸಿರುವ 38 ಎಕರೆಯ ಉದ್ಯಾನವೇ ಲೇಸು, ಮಕ್ಕಳಿಗೆ ಓಡಲು ಜಾಗವಿದೆ. 2,637 ಮೀಟರ್ ಎತ್ತರದ ದೊಡ್ಡಬೆಟ್ಟಕ್ಕೆ ಮೋಡ ಮುಸುಕುವ ಮುನ್ನ ಬೆಳಿಗ್ಗೆಯೇ ಹತ್ತಬೇಕು. ಕೆರೆಯ ದೋಣಿಗೆ ಸಾಲು ನಿಲ್ಲುವ ಬದಲು ಕೂನೂರಿಗೆ ಪುಟಾಣಿ ರೈಲು ಹತ್ತಿ. ಟಿಕೆಟ್ ಮೊದಲೇ ಕಾದಿರಿಸಿರಬೇಕು.

5. ಇಳಿಯುವುದು
ಹತ್ತಿದ ಗೇರಿನಲ್ಲೇ ಇಳಿಯಬೇಕು. ಹಳೆಯ ಚಾಲಕರ ಈ ಮಾತನ್ನು ಕೇಳಿಯೂ ಕೇಳದವರಂತೆ ಇರುವವರೇ ಹೆಚ್ಚು. ಎರಡನೇ ಗೇರಿಗೆ ಹಾಕಿ, ಆಕ್ಸಿಲರೇಟರ್ ಬಿಟ್ಟುಬಿಡಿ. ಇಂಜಿನ್ ಗುರ್ರೆನ್ನುತ್ತದೆ, ಗುರ್ರೆನ್ನಲಿ. ಗಾಡಿಯನ್ನು ಹಿಡಿಯುತ್ತಿರುವುದು ಅದೇ. ತಿರುವಿಗೆ ಮೊದಲು ಬ್ರೇಕನ್ನು ಒತ್ತಿ ವೇಗ ಇಳಿಸಿ, ಪೂರ್ತಿ ಬಿಡಿ. ಪಾದವನ್ನು ಬ್ರೇಕಿನ ಮೇಲೆ ಇಟ್ಟುಕೊಂಡೇ ಇಳಿದರೆ ಬ್ರೇಕಿನ ಪ್ಯಾಡು ಕಾಯುತ್ತದೆ, ಆಮೇಲೆ ಬ್ರೇಕಿನ ದ್ರವವೂ ಕುದಿಯುತ್ತದೆ. ಆಗ ಪೆಡಲು ಮೆತ್ತಗಾಗಿ ನೆಲ ಮುಟ್ಟಿದರೂ ಗಾಡಿ ನಿಲ್ಲುವುದಿಲ್ಲ. ಆಟೊಮ್ಯಾಟಿಕ್ ಕಾರಿನವರು ‘ಡಿ’ಯಲ್ಲೇ ಬಿಡದೆ ‘ಎಲ್’ಗೋ ಮ್ಯಾನುವಲ್‌ಗೋ ಬದಲಿಸಿ. ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಸುವ ಭಾವಮೈದುನ ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಸ್ಟಿಯರಿಂಗ್ ಅವರ ಕೈಗೆ ಕೊಡಬೇಡಿ.

ಸುಟ್ಟ ವಾಸನೆ ಬಂತೇ? ರಸ್ತೆ ಅಗಲವಿರುವಲ್ಲಿ ನಿಲ್ಲಿಸಿ. ಕಾದ ಡಿಸ್ಕಿನ ಮೇಲೆ ನೀರು ಹಾಕಿದರೆ ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆಯದೆ ಅರ್ಧ ಗಂಟೆ ಆರಲು ಬಿಡಿ. ಮೇಲೆ ಹತ್ತಿ ಬರುವ ಗಾಡಿಗೆ ಮೊದಲು ದಾರಿ. ಬಸ್ಸು ತಿರುಗಲು ಇಡೀ ರಸ್ತೆ ಬೇಕಾಗುವುದರಿಂದ ತಿರುವಿಗಿಂತ ಹತ್ತು ಮಾರು ಮೇಲೆಯೇ ನಿಂತುಬಿಡಿ. ಕಲ್ಹಟ್ಟಿಯ ಅಡ್ಡದಾರಿಯಲ್ಲಿ ಇಳಿಯುವ ಯೋಚನೆ ಬೇಡ, ಹೊರಗಿನ ವಾಹನಗಳನ್ನು ಅಲ್ಲಿ ಕೆಳಗೆ ಬಿಡುವುದಿಲ್ಲ.

ಇಷ್ಟಾಗಿಯೂ ಹೊತ್ತು ಮೀರಿದರೆ ಗೂಡಲೂರಿನಲ್ಲೇ ರೂಮು ಹಿಡಿಯಿರಿ. ಮಲಗಿದ ಮಗುವನ್ನು ಗೇಟಿನವರಿಗೆ ತೋರಿಸಿ ಗೋಗರೆದವರನ್ನು ನೋಡಿದ್ದೇನೆ. ಅವರೂ ಆರು ಗಂಟೆಯವರೆಗೆ ಕಾರಿನಲ್ಲೇ ಕುಳಿತಿದ್ದರು.