ಕೆಲಸ ಬಿಟ್ಟು ಚಿಕ್ಕಮಗಳೂರಲ್ಲಿ ಸ್ವಂತ ದುಡಿಮೆ: ತಿಂಗಳ ಲೆಕ್ಕ ಬಿಡಿ, ವರ್ಷದ ಲೆಕ್ಕ ಹಾಕಿ

ಕೆಲಸ ಬಿಟ್ಟು ಊರಲ್ಲೇ ಏನಾದರೂ ಸ್ವಂತದ್ದು ಮಾಡಬೇಕು ಅಂತ ಇರುವವರು ಮೊದಲು ಕೇಳುವುದು "ಬಂಡವಾಳ ಎಷ್ಟು ಬೇಕು?" ಅಂತ. ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಮೊದಲನೆಯದು ಇದು: ನಿಮಗೆ ದುಡ್ಡು ಕೊಡಬೇಕಾದ ಗಿರಾಕಿಯ ಕೈಗೆ ದುಡ್ಡು ಬರುವುದು ಯಾವ ತಿಂಗಳಲ್ಲಿ?

ಬೆಂಗಳೂರಲ್ಲಿ ಈ ಪ್ರಶ್ನೆ ಯಾರೂ ಕೇಳುವುದಿಲ್ಲ, ಯಾಕೆಂದರೆ ಅಲ್ಲಿ ಹೆಚ್ಚಿನವರಿಗೆ ತಿಂಗಳಾದರೆ ಸಂಬಳ ಬರುತ್ತದೆ. ಚಿಕ್ಕಮಗಳೂರು, ಮೂಡಿಗೆರೆ, ಆ ಕಡೆ ಸಕಲೇಶಪುರ ಹಾಗಲ್ಲ. ಇಲ್ಲಿ ದುಡ್ಡು ಕಾಫಿ ಜೊತೆ ಬರುತ್ತದೆ. ನಾನು ತೋಟದ ಮಿಷನ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಕಳೆ ಹೊಡೆಯುವ ಮಿಷನ್, ಸ್ಪ್ರೇಯರ್, ಪಂಪ್, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಎಲ್ಲಾ ನೋಡುತ್ತೇವೆ, ಬಿಡಿ ಸಾಮಾನೂ ಮಾರುತ್ತೇವೆ. ಮೊದಲು ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಕೆಲಸದಲ್ಲಿದ್ದೆ. ಹಾಗಾಗಿ ಇಲ್ಲಿ ಬರೆಯುವುದೆಲ್ಲ ಮಲೆನಾಡಿನ ಕಡೆಯಿಂದ ನೋಡಿದ್ದು. ನೀವು ಹೋಂಸ್ಟೇ, ಬೇಕರಿ, ಫೋಟೋ ಸ್ಟುಡಿಯೋ, ಏನೇ ಮಾಡಿದರೂ ಲೆಕ್ಕ ಹಾಕುವ ದಾರಿ ಒಂದೇ.

ಮೊದಲು ಹನ್ನೆರಡು ತಿಂಗಳು ಬರೆದುಕೊಳ್ಳಿ

ಒಂದು ಹಾಳೆ ತೆಗೆದುಕೊಂಡು ಜನವರಿಯಿಂದ ಡಿಸೆಂಬರ್ ಬರೆಯಿರಿ. ಪ್ರತಿ ತಿಂಗಳ ಮುಂದೆ, ನಿಮ್ಮ ಗಿರಾಕಿಯ ಕೈಯಲ್ಲಿ ದುಡ್ಡು ಇದೆಯಾ ಇಲ್ಲವಾ ಅಂತ ಬರೆಯಿರಿ. ಅರೇಬಿಕಾ ಕೊಯ್ಲು ನವೆಂಬರ್ ಹೊತ್ತಿಗೆ ಶುರುವಾಗುತ್ತದೆ, ರೋಬಸ್ಟಾ ಜನವರಿಯಿಂದ, ಅದರ ಹಿಂದೆಯೇ ಮೆಣಸು. ಕೊಯ್ಲಿನ ಹೊತ್ತಲ್ಲಿ ಕೂಲಿಯವರ ಕೈಯಲ್ಲೂ ವಾರವಾರ ದುಡ್ಡು ಓಡಾಡುತ್ತದೆ, ಸಂತೆ ನೋಡಿದರೇ ಗೊತ್ತಾಗುತ್ತದೆ. ಕಾಫಿ ಮಾರಿ ಬೆಳೆಗಾರರ ಕೈಗೆ ದೊಡ್ಡ ಮೊತ್ತ ಬರುವುದು ಸುಮಾರಾಗಿ ಜನವರಿಯಿಂದ ಏಪ್ರಿಲ್ ಒಳಗೆ, ಅದೂ ರೇಟು ಏರಲಿ ಅಂತ ಹಿಡಿದಿಟ್ಟುಕೊಳ್ಳದಿದ್ದರೆ. ಫೆಬ್ರವರಿ, ಮಾರ್ಚಲ್ಲಿ ಕಾಫಿ ಹೂವು ಅರಳಲಿ ಅಂತ ಸ್ಪ್ರಿಂಕ್ಲರ್ ಓಡಿಸುತ್ತಾರೆ, ಆಗ ಪಂಪ್ ಕೆಟ್ಟರೆ ರಾತ್ರಿಯೂ ಫೋನ್ ಬರುತ್ತದೆ, ಕೇಳಿದಷ್ಟು ಕೊಡುತ್ತಾರೆ. ಮಳೆ ಹಿಡಿಯುವ ಮೊದಲು ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವ ಕಾಲ, ಸ್ಪ್ರೇಯರ್ ಕೆಲಸ ಜಾಸ್ತಿ. ಆಮೇಲೆ ಜೂನ್ ಬಂತು. ಕೆಲಸ ಪೂರ್ತಿ ನಿಲ್ಲುವುದಿಲ್ಲ, ಕಳೆ ಬೆಳೆಯುತ್ತಲೇ ಇರುತ್ತದಲ್ವಾ, ಮಿಷನ್ ರಿಪೇರಿಗೆ ಬರುತ್ತಲೇ ಇರುತ್ತದೆ. ದುಡ್ಡು ಮಾತ್ರ ಬರುವುದಿಲ್ಲ. "ಬರ್ಕೊಳ್ಳಿ, ಕಾಫಿ ಮಾರಿದ ಮೇಲೆ ಕೊಡ್ತೀನಿ" ಅನ್ನುತ್ತಾರೆ. ಸುಳ್ಳು ಹೇಳುವವರಲ್ಲ, ನಿಜವಾಗಿಯೂ ಕೊಡುತ್ತಾರೆ. ಆದರೆ ನಿಮ್ಮ ಮಗನ ಸ್ಕೂಲ್ ಫೀಸ್ ಜೂನ್‌ನಲ್ಲೇ ಕಟ್ಟಬೇಕು.

ಮದುವೆ ಫೋಟೋ, ಅಡುಗೆ ಕಂಟ್ರಾಕ್ಟ್, ಹೂವಿನ ಡೆಕೋರೇಶನ್ ಅಂತ ಇದ್ದರೆ ನಿಮ್ಮ ಹಾಳೆ ಬೇರೆ. ಆಷಾಢ ಪೂರ್ತಿ ಖಾಲಿ, ಪಿತೃಪಕ್ಷ ಖಾಲಿ, ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ ಧನುರ್ಮಾಸ. ಹಾಸನ ಪೇಟೆಯಲ್ಲಿ ಹೋಟೆಲ್ ಇಡುವವರಿಗೆ ಹಾಸನಾಂಬೆ ಬಾಗಿಲು ತೆಗೆದ ದಿನಗಳೇ ಒಂದು ಸೀಸನ್. ಚನ್ನರಾಯಪಟ್ಟಣ, ಹೊಳೆನರಸೀಪುರದ ಹಳ್ಳಿಗಳಲ್ಲಿ ಡೈರಿ ಬಟವಾಡೆ ವರ್ಷಪೂರ್ತಿ ಬರುತ್ತಿರುತ್ತದೆ, ಅಲ್ಲಿ ಸಣ್ಣ ಮೊತ್ತದ ವ್ಯಾಪಾರ ದಿನಾ ಆಗುತ್ತದೆ. ಒಂದೇ ಅಂಗಡಿಯನ್ನು ಎತ್ತಿ ಮೂಡಿಗೆರೆಯಲ್ಲಿಟ್ಟರೆ ಒಂದು ಕಥೆ, ಚನ್ನರಾಯಪಟ್ಟಣದಲ್ಲಿಟ್ಟರೆ ಇನ್ನೊಂದು ಕಥೆ.

ಈ ಹಾಳೆಯಿಂದ ಎರಡು ವಿಷಯ ಗೊತ್ತಾಗುತ್ತದೆ. ಕೈಯಲ್ಲಿ ಎಷ್ಟು ದುಡ್ಡು ಇಟ್ಟುಕೊಂಡು ಶುರು ಮಾಡಬೇಕು ಅನ್ನುವುದು ಒಂದು. ಎಲ್ಲರೂ "ಆರು ತಿಂಗಳ ಖರ್ಚು" ಅನ್ನುತ್ತಾರೆ, ಅದು ಸಂಬಳದ ಊರಿನ ಲೆಕ್ಕ. ತೋಟ ನಂಬಿದ ವ್ಯಾಪಾರಕ್ಕೆ ಒಂದು ಪೂರ್ತಿ ಮಳೆಗಾಲ ದಾಟಿ ಮುಂದಿನ ಜನವರಿ ಮುಟ್ಟುವಷ್ಟು ಬೇಕು. ಇನ್ನೊಂದು, ಯಾವಾಗ ಶುರು ಮಾಡಬೇಕು ಅನ್ನುವುದು. ಮಳೆ ಬಿಟ್ಟ ಮೇಲೆ, ಅಕ್ಟೋಬರ್ ಹೊತ್ತಿಗೆ ಅಂಗಡಿ ತೆಗೆದರೆ ಇಡೀ ಕೊಯ್ಲಿನ ಕಾಲ ನಿಮ್ಮ ಮುಂದಿರುತ್ತದೆ. ಮೇ ತಿಂಗಳಲ್ಲಿ ಅಕ್ಷಯ ತೃತೀಯ ಚೆನ್ನಾಗಿದೆ ಅಂತ ಪೂಜೆ ಮಾಡಿ ತೆಗೆದರೆ, ತಿಂಗಳೊಳಗೆ ಮಳೆ ನೋಡುತ್ತಾ ಬಾಡಿಗೆ ಕಟ್ಟಬೇಕು.

ಕೆಲಸದಲ್ಲಿರುವಾಗಲೇ ರಜೆ ಹಾಕಿ ಬಂದು ಟ್ರಯಲ್ ನೋಡುವುದಿದ್ದರೆ ಜುಲೈಯಲ್ಲಿ ನೋಡಿ. ಜನವರಿಯಲ್ಲಿ ಇಲ್ಲಿ ಏನು ಮಾರಿದರೂ ಹೋಗುತ್ತದೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ಟ್ರಯಲ್‌ಗೂ ಮೊದಲು ನಿಮ್ಮ ಅಪಾಯಿಂಟ್‌ಮೆಂಟ್ ಲೆಟರ್ ಒಮ್ಮೆ ಓದಿ. ಬೇರೆ ದುಡಿಮೆ ಮಾಡಬಾರದು ಅಂತ ಅದರಲ್ಲಿ ಬರೆದಿರುತ್ತದೆ, ಯಾರೂ ಓದಿರುವುದಿಲ್ಲ.

ದಿನಕ್ಕೆ ಎಷ್ಟು ದುಡಿಯಬೇಕು

ಮನೆಗೆ ತಿಂಗಳಿಗೆ 30,000 ಬೇಕು ಅಂತಿಟ್ಟುಕೊಳ್ಳಿ. ವರ್ಷಕ್ಕೆ 3.6 ಲಕ್ಷ. ಅಂಗಡಿ ಬಾಡಿಗೆ, ಕರೆಂಟು, ಪೆಟ್ರೋಲು ಸೇರಿ ತಿಂಗಳಿಗೆ 10,000 ಅಂದರೆ ಇನ್ನೊಂದು 1.2 ಲಕ್ಷ. ಒಟ್ಟು 4.8 ಲಕ್ಷ. ನೀವು ಸಾಮಾನು ಮಾರುವವರಾಗಿ, ನೂರು ರೂಪಾಯಿಗೆ ಇಪ್ಪತ್ತು ಉಳಿಯುತ್ತದೆ ಅಂದರೆ, ವರ್ಷಕ್ಕೆ 24 ಲಕ್ಷದ ವ್ಯಾಪಾರ ಆಗಬೇಕು. ತಿಂಗಳಿಗೆ ಎರಡು ಲಕ್ಷ, 26 ದಿನ ಬಾಗಿಲು ತೆಗೆದರೆ ದಿನಕ್ಕೆ ಹೆಚ್ಚುಕಡಿಮೆ 7,700. ಈಗ ನೀವು ಅಂಗಡಿ ಇಡಬೇಕು ಅಂದುಕೊಂಡಿರುವ ಬೀದಿಯಲ್ಲಿ ಒಂದು ಮಂಗಳವಾರ ಮಧ್ಯಾಹ್ನ ಹೋಗಿ ನಿಂತುಕೊಳ್ಳಿ. 7,700 ರೂಪಾಯಿ ಕೊಡುವಷ್ಟು ಜನ ಅಲ್ಲಿ ಓಡಾಡುತ್ತಾರಾ?

ಕೈಕೆಲಸದವರಾದರೆ ಲೆಕ್ಕ ಬೇರೆ. ಮಳೆ, ಹಬ್ಬ, ಜ್ವರ, ಸಾಮಾನು ತರಲು ಬೆಂಗಳೂರಿಗೆ ಹೋಗುವ ದಿನ, ಎಲ್ಲ ಕಳೆದರೆ ದುಡ್ಡು ಹುಟ್ಟುವ ದಿನ ವರ್ಷದಲ್ಲಿ 200 ಸಿಕ್ಕಿದರೆ ಹೆಚ್ಚು. 4.8 ಲಕ್ಷ ಭಾಗಿಸು 200, ದಿನಕ್ಕೆ 2,400. ಅಷ್ಟು ಕೇಳಲು ನಾಚಿಕೆ ಆಗುತ್ತದೆ ಅಂತ ಅನೇಕರು 800ಕ್ಕೆ ಇಳಿಯುತ್ತಾರೆ. ಸಂಬಳದಲ್ಲಿದ್ದಾಗ ಕಂಪನಿ ಕಟ್ಟುತ್ತಿದ್ದ ಪಿಎಫ್ ಪಾಲು, ಇನ್ಶೂರೆನ್ಸ್, ಗ್ರಾಚ್ಯುಟಿ (ಕೆಲಸ ಬಿಡುವಾಗ ಸಿಗುವ ಇಡುಗಂಟು) ಎಲ್ಲ ಇನ್ನು ಈ 2,400ರ ಮೇಲೆಯೇ ಕೂರಬೇಕು ಅನ್ನುವುದು ನೆನಪಿರಲಿ.

ಇನ್ನು ನೆಂಟರ ರೇಟು. ಊರಲ್ಲಿ ಅರ್ಧ ಜನ ಅತ್ತೆ, ಮಾವ, ಭಾವ, ಚಿಕ್ಕಪ್ಪ. "ನಮ್ಮೋನೇ ಅಲ್ವಾ, ನೋಡ್ಕೊಂಡು ಮಾಡು" ಅಂದರೆ ಕಡಿಮೆ ಮಾಡು ಅಂತ ಅರ್ಥ. ಮಜೂರಿಯಲ್ಲಿ ಬೇಕಾದರೆ ಬಿಡಿ, ಬಿಡಿ ಸಾಮಾನಿನ ದುಡ್ಡು ಮಾತ್ರ ಯಾರಿಗೂ ಬಿಡಬೇಡಿ, ಅದು ನೀವು ಕೈಯಿಂದ ಹಾಕಿದ್ದು. ಬಿಲ್ ಬರೆದುಕೊಡಿ, ಚಿಕ್ಕಪ್ಪನಿಗೂ ಬರೆದುಕೊಡಿ. ಬಿಲ್ಲಲ್ಲಿ ಪೂರ್ತಿ ರೇಟು ಹಾಕಿ, ಕೆಳಗೆ ಬಿಟ್ಟದ್ದೆಷ್ಟು ಅಂತ ತೋರಿಸಿ. ಇಲ್ಲದಿದ್ದರೆ ಮುಂದಿನ ಸಲ ಬಿಟ್ಟ ರೇಟೇ ಅಸಲಿ ರೇಟು ಆಗಿರುತ್ತದೆ.

ಸಾಲ ಬರೆದುಕೊಳ್ಳುವುದಕ್ಕೂ ಒಂದು ಮಿತಿ ಬೇಕು. ಇಲ್ಲಿ ಸಾಲ ಕೊಡದೆ ವ್ಯಾಪಾರ ಆಗುವುದಿಲ್ಲ, ಕೊಡುವುದೇ ಇಲ್ಲ ಅನ್ನುವ ಬೋರ್ಡು ಹಾಕಿದವರು ಬೇಗ ಬಾಗಿಲು ಹಾಕುತ್ತಾರೆ. ನಾನು ಮಾಡುವುದು ಇಷ್ಟೇ: ಸಾಮಾನಿಗೆ ಕೈಗೆ ಕೈ ದುಡ್ಡು, ಮಜೂರಿಗೆ ಸಾಲ. ಹಳೆಯದು ತೀರುವ ತನಕ ಹೊಸದು ಬರೆಯುವುದಿಲ್ಲ. ಪುಸ್ತಕದ ಬಾಕಿಯನ್ನು ಫೆಬ್ರವರಿಯಲ್ಲೇ ಕೇಳಿ. ಮೇ ತಿಂಗಳಲ್ಲಿ ಕೇಳಿದರೆ ಆ ದುಡ್ಡು ಗೊಬ್ಬರಕ್ಕೋ ಮದುವೆಗೋ ಹೋಗಿರುತ್ತದೆ.

ಸಂಬಳದ ಸ್ಲಿಪ್ ಇರುವಾಗಲೇ ಮುಗಿಸುವ ಕೆಲಸ

ಮನೆ ಸಾಲ ಬೇಕಿದ್ದರೆ ಈಗಲೇ ನೋಡಿ. ಸ್ವಂತ ದುಡಿಮೆಗೆ ಇಳಿದ ಮೇಲೆ ಬ್ಯಾಂಕಿನವರು ಎರಡು ಮೂರು ವರ್ಷದ ಐಟಿ ರಿಟರ್ನ್ ಕೇಳುತ್ತಾರೆ. ಆದರೆ ಆ ಕಂತು ಮೇಲಿನ ಹಾಳೆಯಲ್ಲಿ ಜುಲೈ, ಆಗಸ್ಟ್‌ನಲ್ಲೂ ಕೂರುತ್ತದಾ ನೋಡಿಕೊಂಡು ತೆಗೆದುಕೊಳ್ಳಿ.

ಆರೋಗ್ಯ ವಿಮೆ ಇದಕ್ಕಿಂತ ಮುಖ್ಯ. ಕಂಪನಿಯ ಗ್ರೂಪ್ ಪಾಲಿಸಿ ನೀವು ಕೆಲಸ ಬಿಟ್ಟಾಗ ಮುಗಿಯುತ್ತದೆ. ಹೊಸ ಪಾಲಿಸಿಯಲ್ಲಿ ಮೊದಲೇ ಇರುವ ಶುಗರ್, ಬಿಪಿಯಂಥ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಅದಕ್ಕೇ ರಾಜೀನಾಮೆಗಿಂತ ಸಾಕಷ್ಟು ಮೊದಲೇ ಸ್ವಂತ ಪಾಲಿಸಿ ಮಾಡಿಸಿ. ಗ್ರೂಪ್ ಪಾಲಿಸಿ ಕೊಟ್ಟ ಕಂಪನಿಯಲ್ಲೇ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಂಡರೆ ಕಾದ ಸಮಯ ಲೆಕ್ಕಕ್ಕೆ ಸಿಗುತ್ತದಾ ಅಂತಲೂ ಕೇಳಿ. ಮನೆಯಲ್ಲಿ ಯಾರಾದರೂ ಹಾಲಿನ ಸೊಸೈಟಿಯಂಥ ಸಹಕಾರ ಸಂಘದ ಸದಸ್ಯರಿದ್ದರೆ ಯಶಸ್ವಿನಿ ಆರೋಗ್ಯ ಯೋಜನೆಯ ನೋಂದಣಿ ಯಾವಾಗ ಅಂತ ವಿಚಾರಿಸಿಟ್ಟುಕೊಳ್ಳಿ.

ಐದು ವರ್ಷಕ್ಕೆ ಇನ್ನು ಸ್ವಲ್ಪ ತಿಂಗಳು ಬಾಕಿ ಇದ್ದರೆ ಹಲ್ಲು ಕಚ್ಚಿಕೊಂಡು ಮುಗಿಸಿ. ಕಾಯಂ ನೌಕರರಿಗೆ ಗ್ರಾಚ್ಯುಟಿ ಸಿಗುವುದು ಐದು ವರ್ಷಕ್ಕೆ: ಕೊನೆಯ ಮೂಲ ವೇತನ ಮತ್ತು ಡಿಎ, ಗುಣಿಸು 15, ಭಾಗಿಸು 26, ಗುಣಿಸು ವರ್ಷ. 20,000 ಇದ್ದರೆ ಐದು ವರ್ಷಕ್ಕೆ ಸುಮಾರು 57,700. ಒಂದು ಮಳೆಗಾಲದ ರೇಷನ್ ಆಯಿತಲ್ಲ! ಪಿಎಫ್ ಕೂಡ ಐದು ವರ್ಷದೊಳಗೆ ತೆಗೆದರೆ ತೆರಿಗೆ ಬೀಳುತ್ತದೆ. ಪಿಎಫ್ ಜೊತೆಗಿನ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು, ಅದರ ಹತ್ತಿರ ಇರುವವರು ದುಡ್ಡು ತೆಗೆಯುವ ಬದಲು ಸ್ಕೀಮ್ ಸರ್ಟಿಫಿಕೇಟ್ (ಈವರೆಗಿನ ಸೇವೆ ಮುಂದೆ ಪಿಂಚಣಿ ಲೆಕ್ಕಕ್ಕೆ ಸಿಗುವಂತೆ ಕೊಡುವ ಪತ್ರ) ತೆಗೆದುಕೊಳ್ಳುವುದು ಒಳ್ಳೆಯದು.

ಕಾಗದ ಪತ್ರ

ಇದಕ್ಕೆ ಜನ ಸುಮ್ನೆ ಹೆದರುತ್ತಾರೆ. ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ಹೆಸರು ಬರೆಸುವುದು) ಆನ್‌ಲೈನ್, ಆಧಾರ್ ಮತ್ತು ಪ್ಯಾನ್ ಸಾಕು, ಒಂದು ಪೈಸೆ ಶುಲ್ಕವಿಲ್ಲ. ದುಡ್ಡು ಕೇಳುವ ವೆಬ್‌ಸೈಟ್ ಸರ್ಕಾರದ್ದಲ್ಲ. ನಗರಸಭೆ ಅಥವಾ ಪಂಚಾಯ್ತಿಯಿಂದ ಟ್ರೇಡ್ ಲೈಸೆನ್ಸ್. ತಿನ್ನುವ ವಸ್ತು ಏನೇ ಇದ್ದರೂ ಆಹಾರ ಸುರಕ್ಷತೆಯ ನೋಂದಣಿ, ಅಂದರೆ ಎಫ್‌ಎಸ್‌ಎಸ್‌ಎಐ, ಮನೆಯಲ್ಲಿ ಮಾಡಿ ಮಾರುವ ಉಪ್ಪಿನಕಾಯಿಗೂ. ಹೋಂಸ್ಟೇ ಆದರೆ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ.

ಜಿಎಸ್‌ಟಿ ಮಾತ್ರ ಸ್ವಲ್ಪ ಗಮನ ಕೊಟ್ಟು ಓದಿ. ನಮ್ಮ ರಾಜ್ಯದಲ್ಲಿ ಬರೀ ಸಾಮಾನು ಮಾರುವವರಿಗೆ ವರ್ಷಕ್ಕೆ 40 ಲಕ್ಷದವರೆಗೆ ಬೇಡ, ಸೇವೆ ಕೊಡುವವರಿಗೆ 20 ಲಕ್ಷದವರೆಗೆ ಬೇಡ. ಎರಡೂ ಇದ್ದರೆ ಆಡಿಟರ್ ಹತ್ತಿರ ಕೂತು ಮಾತಾಡಿ. ಕಾಫಿ ಪುಡಿಯನ್ನು ಕೊರಿಯರ್‌ನಲ್ಲಿ ಚೆನ್ನೈಗೆ ಕಳಿಸಿ ಮಾರಿದಿರೋ, 40 ಲಕ್ಷದ ಮಾತೇ ಇಲ್ಲ, ಮೊದಲ ಪ್ಯಾಕೆಟ್ಟಿಂದಲೇ ಬೇಕು. 2025ರ ಜುಲೈಯಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದು, ಬೆಂಗಳೂರಿನ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತುಹಾಕಿದ್ದು ನೆನಪಿರಬಹುದು. ಕಿತ್ತುಹಾಕಬೇಕಾಗಿಲ್ಲ. ವ್ಯಾಪಾರಕ್ಕೆ ಬೇರೆ ಖಾತೆ ಮಾಡಿ, ಆ ಕ್ಯೂಆರ್‌ಗೆ ವ್ಯಾಪಾರದ ದುಡ್ಡು ಮಾತ್ರ ಬರಲಿ. ಚೀಟಿ ದುಡ್ಡು, ತಂಗಿ ಕಳಿಸಿದ್ದು, ಭಾವನಿಗೆ ಕೊಟ್ಟ ಕೈಸಾಲ ವಾಪಸ್ ಬಂದದ್ದು, ಎಲ್ಲ ಒಂದೇ ಖಾತೆಗೆ ಬಿದ್ದರೆ ಯಾವುದು ವ್ಯಾಪಾರ ಅಂತ ನೀವೇ ಬಿಡಿಸಿ ತೋರಿಸಬೇಕಾಗುತ್ತದೆ.

ಸಾಲ, ಸಬ್ಸಿಡಿ

ಸಣ್ಣ ವ್ಯಾಪಾರಕ್ಕೆ ಬ್ಯಾಂಕ್ ಕೊಡುವ ಮುದ್ರಾ ಸಾಲದಲ್ಲಿ ಶಿಶು 50,000ದವರೆಗೆ, ಕಿಶೋರ್ 5 ಲಕ್ಷ, ತರುಣ್ 10 ಲಕ್ಷ. ಅಡಮಾನ ಬೇಕಿಲ್ಲ, ಆದರೆ ಮ್ಯಾನೇಜರಿಗೆ ಲೆಕ್ಕ ಒಪ್ಪಿಗೆ ಆಗಬೇಕು. ನಿಮ್ಮ ಹನ್ನೆರಡು ತಿಂಗಳ ಹಾಳೆಯನ್ನು ಟೈಪ್ ಮಾಡಿಸಿ ಜೊತೆಗೆ ಕೊಡಿ, ಕೆಲಸಕ್ಕೆ ಬರುತ್ತದೆ. ಕಂತನ್ನು ಹೇಗೆ ಹಂಚಬಹುದು ಅಂತ ಸಹಿ ಹಾಕುವ ಮೊದಲೇ ಕೇಳಿ.

ಸ್ವಂತ ಉದ್ಯೋಗಕ್ಕೆ ಕೇಂದ್ರ ಸರ್ಕಾರದ ಪಿಎಂಇಜಿಪಿ ಯೋಜನೆಯಲ್ಲಿ ಸಬ್ಸಿಡಿ ಇದೆ, ಸಾಮಾನ್ಯ ವರ್ಗಕ್ಕೆ ಪೇಟೆಯಲ್ಲಿ 15%, ಹಳ್ಳಿಯಲ್ಲಿ 25%. ಮಹಿಳೆಯರು, ಎಸ್‌ಸಿ, ಎಸ್‌ಟಿ, ಒಬಿಸಿ ಮುಂತಾದವರಿಗೆ 25% ಮತ್ತು 35%. ಆದರೆ ಅದು ಹೊಸ ಘಟಕಕ್ಕೆ ಮಾತ್ರ. ಅಂಗಡಿ ತೆಗೆದು ಮಿಷನ್ ಕೂರಿಸಿದ ಮೇಲೆ ಅರ್ಜಿ ಹಿಡಿದು ಹೋದರೆ ಪ್ರಯೋಜನ ಇಲ್ಲ. ಸಬ್ಸಿಡಿ ದುಡ್ಡೂ ಕೈಗೆ ಬರುವುದಿಲ್ಲ, ಮೂರು ವರ್ಷ ಬ್ಯಾಂಕಲ್ಲೇ ಇದ್ದು ಆಮೇಲೆ ಸಾಲಕ್ಕೆ ಜಮಾ ಆಗುತ್ತದೆ. ಈ ವರ್ಷದ ನಿಯಮ ಏನು ಅಂತ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿ, ಏಜೆಂಟರನ್ನು ಕೇಳಬೇಡಿ. ಕೆಲಸ ಕಲಿಯಬೇಕು ಅಂದರೆ 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿಯ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳು ಈಗ ಜಿಲ್ಲೆಗಳಲ್ಲೇ ಇವೆ. ಹಳ್ಳಿ ಯುವಕ ಯುವತಿಯರಿಗೆ ತರಬೇತಿ, ಊಟ, ವಸತಿ ಎಲ್ಲ ಉಚಿತ.

ಕೊನೆಗೆ ರಾಜೀನಾಮೆ. ಜಗಳ ಆಡಿಕೊಂಡು ಬರಬೇಡಿ, ನಾಳೆ ಅದೇ ಕಂಪನಿಯವರು ಒಂದು ಕೆಲಸ ಕೊಡಬಹುದು. ನೋಟಿಸ್ ಅವಧಿ ಮುಗಿಸಿ. ರಿಲೀವಿಂಗ್ ಲೆಟರ್ ಮತ್ತು ಕೊನೆಯ ಮೂರು ತಿಂಗಳ ಸ್ಲಿಪ್ ಕೇಳಿ ತೆಗೆದುಕೊಳ್ಳಿ, ಫಾರ್ಮ್ 16 ಆಮೇಲೆ ಬರುತ್ತದೆ, ಅದಕ್ಕೆ ನಿಮ್ಮ ಸ್ವಂತ ಇಮೇಲ್ ಕೊಟ್ಟು ಬನ್ನಿ. ಯುಎಎನ್‌ಗೆ (ನಿಮ್ಮ ಪಿಎಫ್ ನಂಬರಿಗೆ) ಜೋಡಿಸಿದ ಮೊಬೈಲ್ ನಂಬರ್ ಕಂಪನಿ ಸಿಮ್‌ದಾಗಿದ್ದರೆ ಸಿಮ್ ವಾಪಸ್ ಕೊಡುವ ಮೊದಲೇ ಬದಲಾಯಿಸಿ. ಪಿಎಫ್ ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕ ನಮೂದಾಗಿದೆಯಾ ನೋಡಿ. ಅವರು ಹಾಕದಿದ್ದರೆ, ಕೊನೆಯ ಪಿಎಫ್ ಕಂತು ಕಟ್ಟಿ ಎರಡು ತಿಂಗಳಾದ ಮೇಲೆ ಆಧಾರ್ ಓಟಿಪಿ ಬಳಸಿ ನೀವೇ ಹಾಕಿಕೊಳ್ಳಬಹುದು.